ಕರ್ಜಿಕಾಯಿ ಯಾಕೆ ಮಾಡ್ತಿಲ್ಲ ಅಂದ್ರೆ

ಏನ್ರೀ, ಬೇರೆ ಕೆಲಸ ಇಲ್ವಾ ನಿಮಗೆ? ಗೌರಿ ಹಬ್ಬ ಬಂತು, ಅಜ್ಜಿ ಕರ್ಜಿಕಾಯಿ ವಿಡಿಯೋ ಎಲ್ಲಿ, ಅಜ್ಜಿ ಕರ್ಜಿಕಾಯಿ ವಿಡಿಯೋ ಎಲ್ಲಿ... ದಿನಾ ಇದೇ ರಾಗ. ಕೈಯಲ್ಲಿ ಫೋನ್ ಐತೆ ಅಂತ ಕಂಡೋರ ಮನೆ ಬಾಣಲೆಗೆ ಇಣುಕಬೇಡಿ.

ಮಾಡಲ್ಲ. ಹೋದ ವರ್ಷದಿಂದ ಆ ಬಾಣಲೆ ಅಟ್ಟ ಸೇರೈತೆ. ಯಾಕೆ ಅಂತ ಇವತ್ತು ಹೇಳ್ತೀನಿ, ಪೂರ್ತಿ ಓದಿ. ಅರ್ಧ ಓದಿ ಕೈಮುಗಿಯೋ ಬೊಂಬೆ ಹಾಕೋರು ಈಗಲೇ ಎದ್ದೋಗಿ.

ನನ್ನ ಮೊಮ್ಮಗ ಮಂಜ ಕಣಕಟ್ಟೆಯಿಂದ ಅರಸೀಕೆರೆಗೆ ತೆಂಗಿನಕಾಯಿ ಟೆಂಪೋ ಓಡಿಸ್ತಾನೆ. ಅವನ ಹೆಂಡ್ತಿ ರೂಪ, ಹಾರನಹಳ್ಳಿ ಹುಡುಗಿ. ನಾನು ಹತ್ತು ಮಾತಾಡಿದ್ರೆ ಅವಳದು ಒಂದು "ಹೂಂ ಅಜ್ಜಿ."

ಮದುವೆಯಾಗಿ ಎರಡು ತಿಂಗಳಿಗೆ, ಅಕ್ಕಿ ಡಬ್ಬದ ಹಿಂದೆ ಒಂದು ಮಾತ್ರೆ ಶೀಟು ಸಿಕ್ತು. ಸಣ್ಣ ಹಳದಿ ಮಾತ್ರೆ. ನಾಕೈದು ಖಾಲಿಯಾಗಿತ್ತು. ಮೇಲೆಲ್ಲಾ ಇಂಗ್ಲಿಷು... ನಂಗೆ ಕನ್ನಡವೇ ನಾಕನೇ ಕ್ಲಾಸಿಗೆ ನಿಂತೋಗಿತ್ತು.

ಓದೋಕೆ ಬರದಿದ್ರೂ ಗೊತ್ತಾಗೋಯ್ತು ನಂಗೆ. ಮಕ್ಕಳಾಗದಂಗೆ ಕದ್ದು ನುಂಗೋ ಮಾತ್ರೆ ಇದು ಅಂತ. ಪಕ್ಕದ ಮನೆ ಸೊಸೆ ಹಂಗೆ ನುಂಗಿ ಸಿಕ್ಕಿಬಿದ್ದಿದ್ದು ಕಂಡಿದ್ದೆ.

ಯಾರನ್ನೂ ಕೇಳ್ಲಿಲ್ಲ. ತಗಂಡೋಗಿ ನೀರೊಲೆಗೆ ಹಾಕ್ದೆ.

ಎರಡು ದಿನ ರೂಪ ಡಬ್ಬ ಎಲ್ಲಾ ಸರಿಸಿ ಸರಿಸಿ ನೋಡಿದ್ಲು. "ಏನೇ ಹುಡುಕ್ತಿದ್ದೀಯ?" ಅಂದೆ, ಏನೂ ಅರೀದೋಳ ಹಂಗೆ. "ಏನಿಲ್ಲ ಅಜ್ಜಿ" ಅಂದ್ಲು. ಅಷ್ಟೇ.

ಮುಂದಿನ ತಿಂಗಳೇ ಬಸುರಿ. ನನ್ನ ಉಪಾಯಕ್ಕೆ ನಾನೇ ಬೀಗಿದೆ. ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬಾರ್ದು, ಕಣ್ಣಾಗುತ್ತೆ ಅಂತ ಆಸ್ಪತ್ರೆಗೂ ಕಳಿಸಲಿಲ್ಲ.

ಐದನೇ ತಿಂಗಳಿಗೆ ಅರಸೀಕೆರೇಲಿ ಸ್ಕ್ಯಾನಿಂಗು. ಸ್ಕ್ಯಾನ್ ಮಾಡ್ತಿದ್ದ ಹುಡುಗಿ ಒಂದೇ ಜಾಗಾನ ಮೂರು ಮೂರು ಸಲ ನೋಡಿದ್ಲು. ಹಾಸನಕ್ಕೆ ಹೋಗಿ ಅಂದ್ರು.

ಹಾಸನದ ಡಾಕ್ಟ್ರಮ್ಮ ನಿಧಾನವಾಗಿ ಹೇಳಿದ್ರು. ಕೂಸಿನ ತಲೆಬುರುಡೆ ಕೂಡಿಲ್ಲ, ಮೆದುಳು ಬೆಳೆದಿಲ್ಲ, ಹುಟ್ಟಿದ್ರೂ ಉಳಿಯಲ್ಲ.

"ಐದು ತಿಂಗಳು ನೆಟ್ಟಗಿದ್ದ ಕೂಸಿಗೆ ಈಗೇನು ಬಂತು?" ಅಂತ ಅವರ ಮೇಲೇ ಹೋದೆ.

"ಈಗ ಆಗಿದ್ದಲ್ಲ ಅಜ್ಜಿ. ಮೊದಲನೇ ತಿಂಗಳಲ್ಲೇ ಆಗಿರೋದು" ಅಂದು, ಚೀಟಿ ತಿರುಗಿಸಿ ಚಿತ್ರ ಬರೆದ್ರು.

ಆಗ ಕೂಸು ಎಳ್ಳುಕಾಳಷ್ಟೇ ಇರುತ್ತಂತೆ. ಅದರ ಬೆನ್ನ ಮೇಲೆ ಒಂದು ಪದರ. ಆ ಪದರದ ಮಧ್ಯ ಕಾಲುವೆ ಹಂಗೆ ತಗ್ಗಾಗಿ, ಎರಡೂ ಅಂಚು ಮೇಲೆದ್ದು, ಒಂದಕ್ಕೊಂದು ಬಾಗಿ ಅಂಟ್ಕೊಂಡು ಕೊಳವೆ ಆಗುತ್ತಂತೆ. ಮೇಲಿನ ತುದಿ ಮೆದುಳು. ಕೆಳಗಿಂದು ಬೆನ್ನುಹುರಿ. ಕೈಕಾಲಿಗೆ ಹೋಗೋ ನರಕ್ಕೆಲ್ಲಾ ಬೇರು ಅದೇ.

ಅಂಟೋದು ಕತ್ತಿನ ಹತ್ರ ಶುರುವಾಗಿ ಮೇಲಕ್ಕೂ ಕೆಳಕ್ಕೂ ಹೋಗುತ್ತಂತೆ. ಕೆಳಗೆ ಬಿಟ್ಕೊಂಡ್ರೆ ಕಾಲಿಗೆ ಶಕ್ತಿ ಬರಲ್ಲ. ಮೇಲೆ ಬಿಟ್ಕೊಂಡ್ರೆ...

ನಾನು ಆ ಚಿತ್ರಾನೇ ನೋಡ್ತಿದ್ದೆ. ಕರ್ಜಿಕಾಯಿ ಕಣ್ರೀ ಅದು. ನಾನೂ ಮಡಚಿ, ನಡುವಿಂದ ಶುರು ಮಾಡಿ ಎರಡೂ ತುದಿಗೆ ಅಂಚು ಒತ್ತೋಳು. ಒಂದು ಕಡೆ ಬಿಟ್ಕೊಂಡ್ರೆ ಎಣ್ಣೇಲಿ ಹೂರಣ ಎಲ್ಲಾ ಚೆಲ್ಲೋಗುತ್ತೆ.

ಬಸುರು ನಿಂತ ನಾಕು ವಾರದೊಳಗೆ ಆ ಅಂಚು ಕೂಡಿ ಮುಗಿದಿರುತ್ತಂತೆ. ಮುಟ್ಟು ಯಾಕೆ ತಡ ಆಯ್ತು ಅಂತ ಹೆಂಗಸು ಇನ್ನೂ ಯೋಚಿಸ್ತಿರ್ತಾಳೆ, ಅಷ್ಟರಲ್ಲಿ.

ಆಮೇಲೆ ಡಾಕ್ಟ್ರಮ್ಮ ರೂಪನ ಕಡೆ ತಿರುಗಿ, "ಆ ಅಂಚು ಸರಿಯಾಗಿ ಕೂಡ್ಲಿ ಅಂತ ಕೊಡೋ ಫೋಲಿಕ್ ಆಸಿಡ್ ಮಾತ್ರೆ, ಬಸುರಿ ಆಗೋಕೆ ಮೊದಲಿಂದ ತಗೋತಿದ್ರಾ?" ಅಂದ್ರು.

"ಬೇಲೂರಲ್ಲಿ ನಮ್ಮಕ್ಕ ನರ್ಸು, ಅವಳು ಕೊಟ್ಟಿದ್ಲು ಮೇಡಂ. ನಾನೇ ಎಲ್ಲೋ ಕಳ್ಕಂಡೆ... ಇನ್ನೊಂದ್ಸಲ ಕೇಳೋಕೆ ನಾಚಿಕೆ ಆಯ್ತು."

"ಯಾವ ಬಣ್ಣ?"

"ಹಳದಿ."

ಅದೇ ಬೆಂಚಲ್ಲಿ ಅವಳ ಪಕ್ಕ ಕೂತಿದ್ದೆ. ಊರಲ್ಲಿ ನನ್ನ ಬಾಯಿಗೆ ಹೆದರದೋರಿಲ್ಲ. ಅವತ್ತು ಆ ಬಾಯಲ್ಲಿ ನಿಜ ಒಂದು ಬರಲಿಲ್ಲ.

ಮಾತ್ರೆ ತಗಂಡಿದ್ರೆ ಉಳೀತಿತ್ತಾ ಅಂತ ಕೇಳ್ದೆ. "ತಗಂಡ್ರೆ ಹಿಂಗಾಗೋದು ಎಷ್ಟೋ ಕಮ್ಮಿ. ತಗಂಡೋರಿಗೂ ಒಂದೊಂದ್ಸಲ ಆಗುತ್ತೆ. ಮಾತ್ರೆ ಬಿಟ್ಟಿದ್ದಕ್ಕೇ ಹಿಂಗಾಯ್ತು ಅಂತ ಹೇಳಕ್ಕಾಗಲ್ಲ ಅಜ್ಜಿ." ಆ ಹೇಳಕ್ಕಾಗಲ್ಲ ಅನ್ನೋದು ಎದೆ ಮೇಲೆ ಕಲ್ಲು ಹಂಗೆ ಕೂತೈತೆ, ಇವತ್ತಿಗೂ.

ಬಸುರು ಇಳಿಸಿದ್ರು. ಕೈ ಬೆರಳು ಐದೂ ನೆಟ್ಟಗಿದ್ವಂತೆ.

ಮನೆಗೆ ಬಂದ ಮೇಲೆ ಮಾಡಿದ್ದು ಇನ್ನೂ ಕೆಟ್ಟದು. ಮಾತಾಡಿಸೋಕೆ ಬಂದ ಹೆಂಗಸರ ಮುಂದೆ, "ಗ್ರಹಣದ ದಿನ ಬೇಡ ಅಂದ್ರೂ ಅಂಗಳಕ್ಕಿಳಿದ್ಲು, ಇನ್ನೇನಾಗುತ್ತೆ" ಅಂದೆ. ರೂಪ ಬಾಗಿಲಲ್ಲೇ ನಿಂತಿದ್ಲು. ಅವತ್ತು "ಹೂಂ ಅಜ್ಜಿ" ಅನ್ನಲಿಲ್ಲ.

ಹಾರನಹಳ್ಳಿಗೆ ಹೋದೋಳು ಬಂದಿಲ್ಲ. ಮಂಜ ಹೋದ ಭಾನುವಾರ ನೋಡಿ ಬಂದ. "ಮಾತ್ರೆ ಕಳೆದು ಮಗೂನ ನಾನೇ ಕಳ್ಕಂಡೆ, ನಂಗೆ ಇನ್ನು ಮಕ್ಕಳು ಬೇಡ ಅಂತಾಳೆ ಅಜ್ಜಿ" ಅಂದು, ಊಟ ಬಿಟ್ಟು ಎದ್ದೋದ.

ಫೋನ್ ಮಾಡಿದ್ರೆ ಅವಳು ಎತ್ತಲ್ಲ. ನಾಕು ಜನದ ಮುಂದೆ ಅವಳ ಮೇಲೆ ಹೊರಿಸಿದ್ದೆ. ಅದಕ್ಕೇ ನಾಕು ಜನದ ಮುಂದೆಯೇ ಇಳಿಸ್ತಿದ್ದೀನಿ. ಒಂದೊಂದೇ ಅಕ್ಷರ ಒತ್ತಿ ಬರೆಯೋಕೆ ಮೂರು ದಿನ ಆಯ್ತು.

ರೂಪ, ನನ್ನ ಪೋಸ್ಟು ಎಲ್ಲರಿಗಿಂತ ಮೊದಲು ನೋಡೋಳು ನೀನು. ಇದನ್ನೂ ನೋಡ್ತೀಯ.

ನೀನು ಕಳೀಲಿಲ್ಲ ಕಣವ್ವ. ನಾನು ಸುಟ್ಟೆ.

ಬಾ ಅನ್ನೋ ಬಾಯಿ ನಂಗಿಲ್ಲ. ಮರಿಮಗು ಬೇಕು ಅಂತಲೂ ಕೇಳ್ತಿಲ್ಲ. ಬೈದಾದ್ರೂ ಸರಿ, ಈ ತಿಂಗಳು ಮುಗಿಯೋದ್ರೊಳಗೆ ಉತ್ತರ ಬರಿ.