ಹಾಡಿ ಕರೆದ ಹಾಜರಿ

ಸಂಗೀತದ ಮಿಸ್ ಉಡುತ್ತಿದ್ದ ಸೀರೆಗಳಿಗೆಲ್ಲ ಒಂದೇ ಜಾಗದಲ್ಲಿ ಬಣ್ಣ ಹೋಗಿರುತ್ತಿತ್ತು. ಬಲತೊಡೆಯ ಮೇಲೆ, ಅಂಗೈಯಗಲ. ಚಾಪೆಯ ಮೇಲೆ ಕೂತು ದಿನಕ್ಕೆ ಐದು ಪೀರಿಯಡ್ ತಾಳ ಹಾಕಿ ಹಾಕಿ ಬಟ್ಟೆ ಅಲ್ಲಿ ಸವೆದಿತ್ತು. ಹೊಸ ಸೀರೆ ಉಟ್ಟರೂ ಒಂದು ವರ್ಷದೊಳಗೆ ಅದಕ್ಕೂ ಆ ಗುರುತು ಬೀಳುತ್ತಿತ್ತು.

ಅವರು ಹಳೇಬೀಡಿನವರು. ಶ್ರುತಿಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ದಿನಾ ಬೆಳಗ್ಗೆ ಬಸ್ಸಿನಲ್ಲಿ ಅರಸೀಕೆರೆಯ ಶಾಲೆಗೆ ಬರುತ್ತಿದ್ದರು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಕಂಡಕ್ಟರ್ ಒಬ್ಬ, "ನಿಮಗೇನೋ ಫ್ರೀ ಮಿಸ್, ಪೆಟ್ಟಿಗೆ ಗಂಡಸೋ ಹೆಂಗಸೋ?" ಎಂದು ರೇಗಿಸಿದನಂತೆ. "ಹೆಂಗಸೇ ಕಣಪ್ಪ. ಯಾರು ಹಾಡಿದ್ರೂ ಹಿಂದೆ ನಿಂತು ಶ್ರುತಿ ಹಿಡಿಯುತ್ತೆ" ಎಂದರಂತೆ ಇವರು. ಬಸ್ಸೆಲ್ಲ ನಕ್ಕಿತಂತೆ.

ನನ್ನದು ಕೊಬ್ಬರಿ ವ್ಯಾಪಾರ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಆ ಶಾಲೆಯ ಆಡಳಿತ ಮಂಡಳಿಗೆ ಬಹಳ ವರ್ಷ ನಾನೇ ಅಧ್ಯಕ್ಷ. ಮಂಡಳಿಯಲ್ಲಿ ನನ್ನ ಮಾತಿಗೆ ಎದುರಾಡುವವರು ಇರಲಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಮುಂದೆ ಹೇಳುವ ತಪ್ಪನ್ನು ಬೇರೆಯವರ ತಲೆಗೆ ಕಟ್ಟಬಾರದೆಂದು ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳೂ ಅದೇ ಶಾಲೆಯಲ್ಲಿ ಆರನೇ ಕ್ಲಾಸಿನಲ್ಲಿದ್ದಳು. ಅವಳಿಗೆ ಉಗ್ಗು. ಬೇರೆ ಕ್ಲಾಸುಗಳಲ್ಲಿ ಹಾಜರಿ ಕರೆದರೆ "ಪ್ರೆಸೆಂಟ್" ಅನ್ನುವುದರ ಮೊದಲ ಅಕ್ಷರ ತುಟಿ ದಾಟುವಷ್ಟರಲ್ಲಿ ಮುಂದಿನ ಹೆಸರು ಬಂದಿರುತ್ತಿತ್ತು. ಸಂಗೀತದ ಮಿಸ್ ಮಾತ್ರ ಹಾಜರಿಯನ್ನು ಹಾಡಿ ಕರೆಯುತ್ತಿದ್ದರು. ಕೆಳಗಿನ 'ಸ'ದಲ್ಲಿ ಅವರು ಹೆಸರು ಹಾಡಬೇಕು, ಮೇಲಿನ 'ಪ'ದಲ್ಲಿ ಮಗು "ಇದ್ದೀನಿ ಮಿಸ್" ಎಂದು ಹಾಡಬೇಕು. ನಲವತ್ತು ಮಕ್ಕಳ ಹಾಜರಿ ಮುಗಿಯುವುದಕ್ಕೆ ಕಾಲು ಗಂಟೆ. "ಅರ್ಧ ಪಾಠ ಅಲ್ಲೇ ಆಗುತ್ತೆ" ಎನ್ನುತ್ತಿದ್ದರು.

ಒಂದು ದಿನ ಏನೋ ಕೆಲಸಕ್ಕೆಂದು ಹೋದವನು ಆ ಕೋಣೆಯ ಕಿಟಕಿಯ ಹೊರಗೆ ನಿಂತೆ. ಮಿಸ್ ನನ್ನ ಮೊಮ್ಮಗಳ ಹೆಸರು ಹಾಡಿದರು. ಅವಳು ಒಂದಿಷ್ಟೂ ತಡವರಿಸದೆ "ಇದ್ದೀನಿ ಮಿಸ್" ಎಂದು ಹಾಡಿದಳು. ಎಂಟು ತಿಂಗಳಲ್ಲಿ ಮನೆಯಲ್ಲೂ ಅವಳ ಮಾತು ಬಿಡಿಸಿಕೊಂಡಿತು. ಊಟಕ್ಕೆ ಕೂತಾಗ ಅವಳನ್ನು ಸುಮ್ಮನಾಗಿಸುವುದೇ ಕಷ್ಟವಾಗಿತ್ತು.

ಇಷ್ಟನ್ನೂ ಕಣ್ಣಾರೆ ಕಂಡವನು ನಾನು.

ಆ ಬೇಸಿಗೆಯಲ್ಲಿ ಹತ್ತನೇ ಕ್ಲಾಸಿನ ಫಲಿತಾಂಶ ಕೆಟ್ಟಿತು. ಮಂಡಳಿಯ ಸಭೆಯಲ್ಲಿ ಒಬ್ಬ ಸದಸ್ಯರು, "ಲೆಕ್ಕದಲ್ಲಿ ಹುಡುಗ್ರು ಮಕಾಡೆ ಮಲಗವ್ರೆ. ಇಲ್ಲಿ ಆ ಆ ಅಂತ ಬಾಯಿ ಬಿಡ್ಸೋಕೆ ಒಬ್ರು ಬೇರೆ ಬೇಕಾ ಯಜಮಾನ್ರೇ?" ಎಂದರು. ಸಂಗೀತದ ಪೀರಿಯಡ್ಡುಗಳನ್ನೆಲ್ಲ ಲೆಕ್ಕಕ್ಕೆ ಕೊಟ್ಟು ಮಿಸ್ ಅವರನ್ನು ಬಿಡಿಸುವ ಠರಾವಿಗೆ ನಾನು ಸಹಿ ಹಾಕಿದೆ. ಬೇಡ ಎಂದಿದ್ದರೆ ನಿಲ್ಲುತ್ತಿತ್ತು.

ಎರಡು ದಿನ ಬಿಟ್ಟು ಮಿಸ್ ನಮ್ಮ ಮನೆಗೆ ಬಂದರು. ವರ್ಷದಿಂದ ಅಟ್ಟದ ಮೇಲೆ ಒಣಗಿದ್ದ ಕಾಯಿಗಳನ್ನು ಆಳುಗಳು ಇಳಿಸುತ್ತಿದ್ದರು. ನಾನು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದೆ. ನೀರು ಪೂರ್ತಿ ಇಂಗಿದ್ದರೆ ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಲೊಡಲೊಡ ಅನ್ನುತ್ತದೆ.

"ನನ್ನ ಕೆಲಸಕ್ಕೆ ಅಂತ ಬರ್ಲಿಲ್ಲ ಯಜಮಾನ್ರೇ. ನಿಮ್ಮ ಮಗು ಈಗ ತಾನೇ ಬಾಯಿ ಬಿಡ್ತಿದೆ. ಇನ್ನೊಂದೆರಡು ವರ್ಷ ಹಾಡೋದು ನಿಲ್ಲಿಸ್ಬೇಡಿ."

ನಾನು ಕೈಯಲ್ಲಿದ್ದ ಕಾಯಿಯನ್ನು ಅವರ ಮುಂದೆ ಅಲ್ಲಾಡಿಸಿ, "ಒಂದ್ಸಲ ಸದ್ದು ಬಂತು ಅಂದ್ರೆ ಆಯ್ತು ಮಿಸ್. ಆಮೇಲೂ ಅಟ್ಟದ ಮೇಲೇ ಬಿಟ್ರೆ ಹುಳ ಬೀಳ್ತದೆ. ನಮ್ಮ ಹುಡುಗಿ ಸರಿಹೋಗವಳೆ" ಎಂದೆ. ಆಳುಗಳು ನಕ್ಕರು. ಒಳ್ಳೆಯ ಮಾತಾಡಿದೆನೆಂದು ನನಗೂ ಅನ್ನಿಸಿತು.

ಮಿಸ್ ನಗಲಿಲ್ಲ. "ಕಾಯಿ ಒಣಗೋದು ಒಂದೇ ಸಲ. ಮಕ್ಕಳ ಗಂಟಲು ದಿನಾ ಕಟ್ಟುತ್ತೆ, ದಿನಾ ಬಿಡಿಸ್ಬೇಕು" ಎಂದು ಪೆಟ್ಟಿಗೆ ಎತ್ತಿಕೊಂಡು ಹೋದರು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಹಾಡುವ ಹಾಜರಿ ಎಲ್ಲೂ ಇರಲಿಲ್ಲ. ಮೊಮ್ಮಗಳು "ಪ್ರೆಸೆಂಟ್"ನಲ್ಲಿ ಮತ್ತೆ ಸಿಕ್ಕಿಕೊಂಡಳು. ಹಿಂದಿನ ಬೆಂಚಿನವರು ಅವಳಂತೆಯೇ ಅಂದು ತೋರಿಸಿದರು. ದಸರಾ ಹೊತ್ತಿಗೆ ಅವಳು ಬಾಯಿ ತೆರೆಯುವುದನ್ನೇ ಬಿಟ್ಟು ಹಾಜರಿಗೆ ಬರೀ ಕೈ ಎತ್ತತೊಡಗಿದಳು. ಕ್ರಮೇಣ ಮನೆಯಲ್ಲೂ ಮಾತು ನಿಂತಿತು.

ಅಷ್ಟರಲ್ಲಿ ನಾನು ಅಧ್ಯಕ್ಷಗಿರಿ ಬಿಟ್ಟಿದ್ದೆ. ಹೊಸ ಅಧ್ಯಕ್ಷರ ಬಳಿ ಹೋಗಿ ಮಿಸ್ ಅವರನ್ನು ವಾಪಸ್ ಕರೆಸಿ ಎಂದು ಬೇಡಿಕೊಂಡೆ. "ಠರಾವಿಗೆ ಸಹಿ ನಿಮ್ದೇ ಅಲ್ವಾ ಅಣ್ಣ? ಟೈಮ್‌ಟೇಬಲ್ ಕೂತ್ಬಿಟ್ಟೈತೆ. ಮಗೂಗೆ ಬೇಕಾದ್ರೆ ಟ್ಯೂಷನ್‌ಗೆ ಹಾಕಿ" ಎಂದರು.

ಮೊಮ್ಮಗಳನ್ನು ಕರೆದುಕೊಂಡು ಹಳೇಬೀಡಿಗೆ ಹೋದೆ. ಮಿಸ್ ಅವರಿಗೆ ಮೂತ್ರಪಿಂಡದ ಕಾಯಿಲೆಯಾಗಿತ್ತು. ವಾರಕ್ಕೆರಡು ಸಲ ಹಾಸನದ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಿತ್ತು. ಆದರೂ ಗೋಡೆಗೊರಗಿ ಕೂತು ಪೆಟ್ಟಿಗೆ ತೆಗೆದು ಅವಳ ಹೆಸರು ಹಾಡಿದರು. ಅವಳು ತುಟಿ ಅಲುಗಿಸಿದಳು. ಇನ್ನೊಮ್ಮೆ ಹಾಡಿದರು. ಅವಳು ಕೈ ಎತ್ತಿದಳು. ನಾಲ್ಕು ಭಾನುವಾರ ಹೋದೆವು. ನಾಲ್ಕನೆಯ ಸಲ ಅವರೇ ಪೆಟ್ಟಿಗೆ ಮುಚ್ಚಿದರು.

"ಶಾಲೇಲಿ ಇವಳ ಸರದಿ ಬರೋ ಹೊತ್ತಿಗೆ ಇಪ್ಪತ್ತು ಮಕ್ಕಳು ಹಾಡಿರ್ತಿದ್ರು. ಇವಳು ಸುಮ್ನೆ ಅದ್ರೊಳಗೆ ಇಳಿದ್ಬಿಡ್ತಿದ್ಲು. ಇಲ್ಲಿ ನಾನೂ ನೀವೂ ಇವಳ ಬಾಯನ್ನೇ ನೋಡ್ತಾ ಕೂತಿದ್ದೀವಿ. ಆ ಮಕ್ಕಳನ್ನೆಲ್ಲ ನಾನೆಲ್ಲಿಂದ ತರ್ಲಿ ಯಜಮಾನ್ರೇ?"

"ತಪ್ಪಾಯ್ತು ಮಿಸ್" ಎಂದೆ.

"ನಂಗ್ಯಾಕೆ ಹೇಳ್ತೀರಿ, ಅವಳಿಗೆ ಹೇಳಿ."

ಮೊಮ್ಮಗಳು ನನ್ನ ಮುಖ ನೋಡಿದಳು. ಬಸ್ಸಿಗೆ ಹೊತ್ತಾಯ್ತು ಎಂದು ನಾನು ಎದ್ದೆ.

ಹೋದ ಶಿವರಾತ್ರಿ ಮುಗಿದ ವಾರದಲ್ಲಿ ಮಿಸ್ ತೀರಿಕೊಂಡರು. ನಾವಿಬ್ಬರೂ ಹೋದೆವು. ಅವರ ಮೈಮೇಲೆ ಹೊಸ ಸೀರೆ ಹೊದಿಸಿದ್ದರು. ಮೊಮ್ಮಗಳು ಬಗ್ಗಿ, ಬಲತೊಡೆಯ ಮೇಲೆ ಬಣ್ಣ ಹೋಗಿರಬೇಕಾಗಿದ್ದ ಜಾಗದಲ್ಲಿ ಅಂಗೈ ಇಟ್ಟಳು.

ಈಗ ಅವಳು ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ಒಳ್ಳೆಯ ಅಂಕ ಬರುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ನಾನು ನಡುಮನೆಯಲ್ಲಿ ಕೂತು, ಕಿಟಕಿಯ ಹೊರಗೆ ನಿಂತು ಅಂದು ಕೇಳಿದ್ದನ್ನು ನೆನೆದು ಅವಳ ಹೆಸರನ್ನು ಹಾಡಿ ಕರೆಯುತ್ತೇನೆ. ನನ್ನ ಒಡಕು ಗಂಟಲಿಗೆ ಶ್ರುತಿ ಸಿಕ್ಕುವುದಿಲ್ಲ. ಅವಳು ಪುಸ್ತಕದಿಂದ ತಲೆಯೆತ್ತಿ, ನಾನು ಕರೆದು ಮುಗಿಸುವವರೆಗೂ ಕಾದು, ಕೈ ಎತ್ತುತ್ತಾಳೆ.