ಕತ್ತೆಗೆ ಮಾಸ್ಕ್ ಕಟ್ಟಿದ ದಸೂಕಿ ಕಾಕಾ

ಈಜಿಪ್ಟಿನ ನೈಲ್ ನದಿಯ ಕಾಲುವೆಯೊಂದರ ದಂಡೆಯ ಆ ಊರಿನಲ್ಲಿ ಹತ್ತಿಗೆ ಹುಳದ ಔಷಧಿ ಹೊಡೆಯುವುದೆಂದರೆ ದಸೂಕಿ ಕಾಕಾನೇ ಹೊಡೆಯಬೇಕು. ಬೆನ್ನಿಗೆ ಟ್ಯಾಂಕು ಏರಿಸಿ ಹೊರಟನೆಂದರೆ ಮದುಮಗನ ಠೀವಿ. ಔಷಧಿಯನ್ನು ಬರಿಗೈಯಲ್ಲೇ ಕಲಕುತ್ತಾನೆ, ಔಷಧಿ ಚಿಮ್ಮುವ ನಾಜಲ್ ಕಟ್ಟಿಕೊಂಡರೆ ಬಾಯಿಟ್ಟು ಊದಿ, ಪಕ್ಕಕ್ಕೆ ಉಗುಳಿ, "ಈ ಸಲದ್ದು ಬರೀ ನೀರು ಕಣ್ರೋ, ಹುಳಗಳು ಚಹಾ ಅಂತ ಕುಡೀತವೆ!" ಎಂದು ತೀರ್ಪು ಕೊಡುತ್ತಾನೆ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಕೊಟ್ಟ ಮಾಸ್ಕನ್ನು ನೀರು ಹೊರುವ ಕತ್ತೆಗೆ ಕಟ್ಟಿದ್ದಾನೆ. ಆಕೆ ಬೈದರೆ, "ಅದಿನ್ನೂ ಮದುವೆ ಆಗಬೇಕಾದ ಪ್ರಾಣಿ ತಾಯಿ, ನನ್ನದೇನು, ನನ್ನ ವಾಸನೆಗೇ ಸೊಳ್ಳೆ ಸಾಯ್ತವೆ" ಎನ್ನುತ್ತಾನೆ. ಮೂವತ್ತು ವರ್ಷ ಪಕ್ಕದ ಸಾಲಿನಲ್ಲಿ ಔಷಧಿ ಹೊಡೆದ ಗೆಳೆಯ ಶಹ್ಹಾತ್ ಹೋದ ಚಳಿಗಾಲದಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಈ ಔಷಧಿಯಿಂದಲೂ ಅದು ಬರಬಹುದು ಎಂದು ಡಾಕ್ಟರಮ್ಮ ಹೇಳಿದಾಗಲೂ, "ಅವನು ಮೊದಲಿಂದಲೂ ಪೀಚು" ಎಂದು ತೇಲಿಸಿಬಿಟ್ಟ. ಆದರೆ ಅಂದಿನಿಂದ ತನ್ನ ನಿಲುವಂಗಿಯನ್ನು ಸೊಸೆಗೆ ಮುಟ್ಟಗೊಡದೆ ತಾನೇ ಒಗೆಯುತ್ತಾನೆ. "ಏನ್ ಕಾಕಾ, ಸೊಸೆ ಮುನಿಸಿಕೊಂಡ್ಲಾ?" ಎಂದು ಹೆಂಗಸರು ನಕ್ಕರೆ, "ಅವಳಿಗೆ ಅಂಗಿ ತೋಳು ಉಜ್ಜೋಕೆ ಬರಲ್ಲ ಕಣ್ರಮ್ಮ" ಎನ್ನುತ್ತಾನೆ. ಸಂಜೆ ಕತ್ತೆಯ ಗಂಟೆ ಕೇಳಿದೊಡನೆ ನಾಲ್ಕು ವರ್ಷದ ಮೊಮ್ಮಗಳು ನಜ್ಲಾ "ಅಜ್ಜಾ!" ಎಂದು ತೋಳು ಚಾಚಿ ಓಡಿಬರುತ್ತಾಳೆ. ಯಾವುದಕ್ಕೂ ಹೆದರದ ಕಾಕಾ ಎರಡೂ ಕೈ ಮೇಲೆತ್ತಿ, "ಹಿಡಿ ನೋಡೋಣ, ಹಿಡಿ ನೋಡೋಣ" ಎನ್ನುತ್ತ ಬಚ್ಚಲಮನೆಗೆ ಓಟ ಕೀಳುತ್ತಾನೆ. ಮೈ ತೊಳೆಯುವ ಮುನ್ನ ಇದುವರೆಗೆ ಒಮ್ಮೆಯೂ ಅವಳ ಕೈಗೆ ಸಿಕ್ಕಿಲ್ಲ. ನಮ್ಮಜ್ಜನಷ್ಟು ಜೋರಾಗಿ ಓಡುವವರು ಊರಲ್ಲೇ ಇಲ್ಲ ಎಂದು ಅವಳು ಮನೆಮನೆಗೂ ಹೇಳಿಕೊಂಡು ಬರುತ್ತಾಳೆ.