ಈ ಚಳಿಗಾಲದ ಹೆಬ್ಬಾತುಗಳು

ನನ್ನ ಎರಡೂ ಕಣ್ಣಿನ ನರ ಸೊರಗುತ್ತಿದೆ ಎಂದು ಹೊಸಪೇಟೆಯ ಡಾಕ್ಟರು ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ಚಳಿಗಾಲದ ತನಕ ತಡೆಯುತ್ತದೆಯೇ? ಅವರು ನನ್ನ ಹೆಂಡತಿಯ ಮುಖ ನೋಡಿ, ಹನಿ ತಪ್ಪದೆ ಹಾಕಿಸಿ ಎಂದರು. ನನಗೆ ಉತ್ತರ ಸಿಕ್ಕಿತು.

ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆದವನು ನಾನು. ಬೀಗರನ್ನು ನಗಿಸಿ ನಗಿಸಿ ಸಾಕಾಗಿ ಹಕ್ಕಿಗಳ ಬೆನ್ನು ಹತ್ತಿದೆ. ಚಳಿಗಾಲಕ್ಕೆ ಕಂಪ್ಲಿಯ ಗದ್ದೆಗಳಿಗೆ ಇಳಿಯುವ ಹೆಬ್ಬಾತುಗಳು ಹುಟ್ಟುವ ಸೂರ್ಯನಿಗೆ ಅಡ್ಡವಾಗಿ ಮೇಲೇಳುವ ಒಂದು ಚಿತ್ರ ಬೇಕಿತ್ತು. ಬಣ್ಣ ಬೇಡ, ಗರಿ ಬೇಡ, ಬರೀ ಕಪ್ಪು ಆಕಾರ. ಈಗ ನನ್ನ ಕಣ್ಣಿಗೆ ದಕ್ಕುವುದೂ ಅಷ್ಟೇ. ಈ ಸಲ ತಪ್ಪಿದರೆ ಇನ್ನಿಲ್ಲ.

ಭತ್ತದ ಸಸಿ ಉಳಿಸಿಕೊಳ್ಳಲು ಅಲ್ಲಿನ ರೈತರು ನಸುಕಿನಲ್ಲೇ ಪಟಾಕಿ ಹಾರಿಸಿ ಹಕ್ಕಿ ಓಡಿಸುತ್ತಾರೆ. ಹಕ್ಕಿ ಬೇಕು ಎಂದರೆ ಯಾರು ಒಪ್ಪುತ್ತಾರೆ? ಗದ್ದೆಯ ಯಜಮಾನನಿಗೆ ಸುಳ್ಳು ಹೇಳಿದೆ: ಸೂರ್ಯನ ಫೋಟೊ ತೆಗೆಯಬೇಕು, ಪಟಾಕಿಯ ಹೊಗೆ ಅಡ್ಡ ಬರುತ್ತದೆ, ಒಂದು ದಿನ ಬಿಡಪ್ಪಾ. ಹೇಳುತ್ತಲೇ ಕಣ್ಣೊರೆಸಿಕೊಂಡೆ.

"ಅಳಬ್ಯಾಡ್ರಿ ಅಣ್ಣಾ. ಪಟಾಕಿ ಹಾರಸಂಗಿಲ್ಲ, ಬ್ಯಾರೆ ಏನರ ಮಾಡ್ತೀನಿ," ಎಂದ. ನನ್ನ ಕಿವಿಗೆ ಮೊದಲರ್ಧ ಸಾಕಾಗಿತ್ತು.

ಮರುದಿನ ಹೆಂಡತಿಯ ಸ್ಕೂಟಿಯ ಹಿಂದೆ ಕೂತು ಹೋದೆ. "ಗದ್ದೆಗೆ ನಾನೂ ಬರ್ತೀನ್ರಿ, ಬಿದ್ದೀರಿ," ಎಂದಳು.

"ನಿನ್ನ ಬಳೆ ಸದ್ದಿಗೆ ಹಕ್ಕಿ ಸಂಡೂರು ಸೇರ್ತಾವ. ಇಲ್ಲೇ ಕುಂದ್ರು," ಎಂದು ರೇಗಿ, ಅವಳನ್ನು ರಸ್ತೆಯಲ್ಲೇ ಬಿಟ್ಟು, ತಡವಿಕೊಂಡು ಗದ್ದೆಗಿಳಿದೆ.

ಬೆಳಕು ಹರಿಯಿತು. ಎದುರಿನ ಬದುವಿನುದ್ದಕ್ಕೂ ಅವು ಸಾಲಾಗಿ ಕೂತಿದ್ದವು. ಕೆಂಪು ಸೂರ್ಯನ ಮುಂದೆ ಕುತ್ತಿಗೆ ಕೊಂಕಿಸುತ್ತ, ರೆಕ್ಕೆ ಅರೆಬಿಚ್ಚಿ ಮುಚ್ಚುತ್ತ. ಕ್ಯಾಮೆರಾ ಕಣ್ಣಿಗೆ ಹಿಡಿದೆ. ಏಳಲಿ ಎಂದು ಕಾದೆ. ಏಳಲಿಲ್ಲ. ಸೂರ್ಯ ಮೇಲೇರಿ ಬೆಳ್ಳಗಾಗತೊಡಗಿದ. ಚಪ್ಪಾಳೆ ತಟ್ಟಿದೆ, ಮಣ್ಣಿನ ಹೆಂಟೆ ಎಸೆದೆ. "ಏಳ್ರಲೇ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಕೂಗಿದೆ. ಆಮೇಲೆ ಕೆಸರಿನಲ್ಲೇ ಕೂತು ಮಗುವಿನಂತೆ ಅತ್ತೆ.

ಯಜಮಾನ ಅದೇ ಬದುವಿನ ಮೇಲೆ, ಅವುಗಳ ನಡುವೆಯೇ ನಡೆದು ಬಂದ. ಒಂದೂ ಹಾರಲಿಲ್ಲ.

"ನಿಮ್ಮ ಸಲುವಾಗಿ ರಾತ್ರೀನ ಕೋಲು ನೆಟ್ಟು ಕರೇ ಕವರ್ ಕಟ್ಟೀನ್ರಿ ಅಣ್ಣಾ. ಹೊಗೀನೂ ಇಲ್ಲ, ಒಂದು ಹಕ್ಕೀನೂ ಇಳಿದಿಲ್ಲ. ಸೂರ್ಯ ಮಸ್ತ್ ಬಂದನಲ್ರಿ?"

ನಾನು ಎದ್ದು ಹೋಗಿ ಒಂದನ್ನು ಮುಟ್ಟಿದೆ. ಪ್ಲಾಸ್ಟಿಕ್ ಚೀಲ. ಕೈಯಲ್ಲಿ ಹಿಡಿದು ನೋಡಿದರೂ ನನ್ನ ಕಣ್ಣಿಗೆ ಅದು ಹೆಬ್ಬಾತಾಗಿಯೇ ಕಾಣುತ್ತಿತ್ತು.